ಚಡಾವಿನ ಕಲ್ಲುಗಳು

ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ಸಿಕ್ಕಿದರೆ ಜನ ಏನು ನೋಡುತ್ತಾರೆ ಹೇಳಿ. ಕಾಪು ಬಂದರೆ ದೀಪಸ್ತಂಭ ಕಾಣುತ್ತದೋ ಎಂದು ಕತ್ತು ಚಾಚುತ್ತಾರೆ, ಉದ್ಯಾವರ ಬಂದರೆ ಹೊಳೆ ನೋಡುತ್ತಾರೆ, ಏನೂ ಇಲ್ಲದಿದ್ದರೆ ಮುಂದಿನ ಸೀಟಿನವಳು ಮುಡಿದ ಮಲ್ಲಿಗೆ ಇವತ್ತಿನದೋ ನಿನ್ನೆಯದೋ ಎಂದಾದರೂ ಪರೀಕ್ಷಿಸುತ್ತಾರೆ. ನಾನು ಮಾತ್ರ ರಸ್ತೆ ನೋಡುತ್ತೇನೆ. ರಸ್ತೆಯ ನಡುವೆ ಎಲ್ಲಾದರೂ ಕಲ್ಲು ಬಿದ್ದಿದೆಯೇ ಎಂದು ನೋಡುತ್ತೇನೆ. ಇದು ಚಾಳಿಯೋ ಕಾಯಿಲೆಯೋ ನನಗೇ ಗೊತ್ತಿಲ್ಲ.

ಮೊನ್ನೆ ಒಂದು ಮದುವೆಗೆಂದು ಬಾಡಿಗೆ ಕಾರಿನಲ್ಲಿ ಕಾರ್ಕಳಕ್ಕೆ ಹೊರಟಿದ್ದೆವು. ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದರು. ವಯಸ್ಸಾದವರನ್ನು ಮುಂದೆ ಕೂರಿಸುವುದು ಗೌರವವೆಂದು ನಮ್ಮವರು ತಿಳಿದಿದ್ದಾರೆ. ನನ್ನ ವಿಷಯದಲ್ಲಿ ಅದು ಡ್ರೈವರನಿಗೆ ಕೊಡುವ ಶಿಕ್ಷೆ. ದಾರಿಯ ನಡುವೆ ಇದ್ದಕ್ಕಿದ್ದಂತೆ ನಾನು "ನಿಲ್ಲಿಸು, ನಿಲ್ಲಿಸು!" ಎಂದು ಕಿರುಚಿದೆ. ಅವನು ಬ್ರೇಕು ಒತ್ತಿದ. ಹಿಂದೆ ಕುಳಿತಿದ್ದ ನಾದಿನಿಯ ಮಡಿಲಿನಿಂದ ಉಡುಗೊರೆಯ ಗಾಜಿನ ಲೋಟಗಳ ಡಬ್ಬ ಜಾರಿ ಕೆಳಗೆ ಬಿತ್ತು.

"ಎಂತ ಅಜ್ಜಿ, ಎಂತ ಆಯ್ತು?" ಎಂದ ಡ್ರೈವರು, ಮುಖ ಬಿಳಿ ಮಾಡಿಕೊಂಡು.

"ಕಲ್ಲು. ಅಲ್ಲಿ ನೋಡು, ಕಲ್ಲು."

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಅದು ತೆಂಗಿನಕಾಯಿ ಸಿಪ್ಪೆ ಮಾರಾಯ್ರೆ!"

ಸಿಪ್ಪೆಯೇ ಆಗಿತ್ತು. ಆದರೆ ಇಷ್ಟೆಲ್ಲ ರಂಪ ಮಾಡಿದ ಮೇಲೆ ಸುಮ್ಮನೆ ಕೂರುವುದು ಹೇಗೆ? ಬಾಗಿಲು ತೆಗೆದು ಇಳಿದು ಹೋಗಿ, ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು, ಆ ಸಿಪ್ಪೆಯನ್ನು ಕಾಲಿನಿಂದ ಬದಿಗೆ ನೂಕಿ ಬಂದೆ. ಲೋಟಗಳು ಎಷ್ಟು ಉಳಿದಿವೆ ಎಂದು ನಾದಿನಿ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ಮದುವೆಯ ಊಟದಲ್ಲಿ ನನಗೆ ಪಾಯಸ ರುಚಿಸಲಿಲ್ಲ.

ಕೆಲವರಿಗೆ ಅಪ್ಪನಿಂದ ಗದ್ದೆ ಬರುತ್ತದೆ, ಕೆಲವರಿಗೆ ಮೂಗು ಬರುತ್ತದೆ. ನನಗೆ ಬಂದದ್ದು ಈ ಕಲ್ಲು ಹುಡುಕುವ ಕಣ್ಣು. ಬೇಡವೆಂದರೂ ಬಿಟ್ಟು ಹೋಗುವುದಿಲ್ಲ.

ನಿಟ್ಟೆ ದಾಟಿ ಕಾರ್ಕಳದ ಕಡೆಗೆ ಹೋಗುವ ದಾರಿಯಲ್ಲಿ ಆಗ ಒಂದು ಉದ್ದನೆಯ ಏರು ಇತ್ತು. ನಾವೆಲ್ಲ ಅದನ್ನು ಚಡಾವು ಎನ್ನುತ್ತಿದ್ದೆವು. ಈಗ ಅದನ್ನು ಕಡಿದು ತಗ್ಗಿಸಿದ್ದಾರೆ. ಅದು ಎಲ್ಲಿತ್ತು ಎಂದು ತೋರಿಸಲು ನನಗೇ ಆಗುವುದಿಲ್ಲ. ನಿಟ್ಟೆಯಲ್ಲಿ ಕಾಲೇಜು, ಹಾಸ್ಟೆಲು ಏನೂ ಇಲ್ಲದ ಐವತ್ತರ ದಶಕದ ಮಾತು ಇದು. ಹೋಟೆಲು ಹಾಕುವವರು ದೇವಸ್ಥಾನದ ಹತ್ತಿರ ಹಾಕುತ್ತಾರೆ, ಸಂತೆಯ ಹತ್ತಿರ ಹಾಕುತ್ತಾರೆ. ನನ್ನ ಅಪ್ಪ ಸಂಜೀವಣ್ಣ ಮಾತ್ರ ಚಡಾವಿನ ನಟ್ಟನಡುವೆ ಹಾಕಿದರು. ಏಕೆಂದರೆ ಹೊರೆ ತುಂಬಿದ ಲಾರಿಗಳು ಅಲ್ಲಿಗೆ ಬರುವಾಗ ಸರಿಯಾಗಿ ಕುದಿಯುತ್ತಿದ್ದವು. ರೇಡಿಯೇಟರಿನಿಂದ ಬುಸ್ ಎಂದು ಹಬೆ ಎದ್ದರೆ ಮತ್ತೆ ಯಾವ ಶೂರನೂ ಲಾರಿಯನ್ನು ಮುಂದೆ ಒಯ್ಯಲಾರ. ನಿಲ್ಲಿಸಲೇಬೇಕು, ತಣಿಸಲೇಬೇಕು, ನೀರು ಹಾಕಲೇಬೇಕು. ಅಲ್ಲಿಯೇ ನಮ್ಮ ಬಾವಿ ಇತ್ತು. ಲಾರಿ ನೀರು ಕುಡಿಯುವಾಗ ಡ್ರೈವರು ಚಾ ಕುಡಿಯಬೇಡವೇ? ಅಪ್ಪನ ವ್ಯಾಪಾರದ ಬುದ್ಧಿಯೆಲ್ಲ ಅಷ್ಟೇ.

ಹೋಟೆಲು ಎಂದರೆ ಮುಳಿಹುಲ್ಲಿನ ಮಾಡು, ಎರಡು ಬೆಂಚು, ಒಲೆ, ಗೋಳಿಬಜೆಯ ಬಾಣಲೆ ಮತ್ತು ಅಮ್ಮನ ಬೈಗುಳ. ಪಕ್ಕದಲ್ಲಿ ತೆಂಗಿನ ಗರಿಯ ಒಂದು ಚಪ್ಪರ. ಅಲ್ಲಿ ಚಾಪೆ ಹಾಸಿಟ್ಟಿರುತ್ತಿದ್ದೆವು. ಘಾಟಿಯ ಮೇಲಿನಿಂದ ನಿದ್ದೆಗೆಟ್ಟು ಬಂದ ಡ್ರೈವರುಗಳು ಗಂಜಿ ಉಂಡು, ಒಣಮೀನಿನ ಚಟ್ನಿ ನೆಕ್ಕಿ, ಅಲ್ಲಿಯೇ ಬಿದ್ದುಕೊಳ್ಳುತ್ತಿದ್ದರು. ಹಂಡೆಯಲ್ಲಿ ಯಾವಾಗಲೂ ಬಿಸಿನೀರು. ಅವಸರದಲ್ಲಿ ರೇಡಿಯೇಟರಿನ ಮುಚ್ಚಳ ತೆಗೆಯಲು ಹೋಗಿ ಕೈ ಸುಟ್ಟುಕೊಂಡವರಿಗೆ ಅಮ್ಮ ಬೈಯುತ್ತಾ ತೆಂಗಿನೆಣ್ಣೆ ಹಚ್ಚುತ್ತಿದ್ದಳು. ನಾನು ಆಗ ಲಂಗ ದಾವಣಿಯ ಹುಡುಗಿ. ಗ್ಲಾಸು ತೊಳೆಯುವುದು, ನೀರು ಸೇದುವುದು ನನ್ನ ಮತ್ತು ನನ್ನ ಅಕ್ಕ ಗಿರಿಜಳ ಪಾಲಿನ ಕೆಲಸ. ಈಗಲೂ ನನ್ನ ಜಡ್ಡುಗಟ್ಟಿದ ಅಂಗೈ ಮುಟ್ಟಿದರೆ ಮೊಮ್ಮಕ್ಕಳು ಹೆದರುತ್ತಾರೆ.

ಬರುವವರಲ್ಲಿ ನಮಗೆ ತುಂಬಾ ಬೇಕಾದವರು ಅದ್ರಾಮಾಕ. ಉಚ್ಚಿಲದ ಬ್ಯಾರಿ ಮುಸ್ಲಿಮರು, ಒಣಮೀನು ಮೇಲಕ್ಕೆ ಒಯ್ದು ಅಕ್ಕಿ ಕೆಳಗೆ ತರುವ ಲಾರಿ ಓಡಿಸುತ್ತಿದ್ದರು. ಅವರ ಲಾರಿ ಇನ್ನೂ ನಿಟ್ಟೆಯಲ್ಲಿ ಇರುವಾಗಲೇ ಒಣಮೀನಿನ ವಾಸನೆ ಬಂದು ನಮಗೆ ಸುದ್ದಿ ಹೇಳುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. "ಅಕ್ಕಾ, ಈ ವಾಸನೆ ಇಲ್ಲದಿದ್ರೆ ನಿಮಗೆ ಗಂಜಿ ರುಚಿ ಆಗ್ಲಿಕ್ಕುಂಟಾ?" ಎಂದು ಅವರು ತಿರುಗಿಸಿ ಕೊಡುತ್ತಿದ್ದರು.

ಇರಲಿ, ಕಲ್ಲಿನ ವಿಷಯಕ್ಕೆ ಬರುತ್ತೇನೆ. ಏರಿನಲ್ಲಿ ಹೊರೆ ಲಾರಿಯನ್ನು ನಿಲ್ಲಿಸುವುದು ಎಂದರೆ ಸುಲಭವಲ್ಲ. ಆ ಕಾಲದ ಹ್ಯಾಂಡ್ ಬ್ರೇಕನ್ನು ನಂಬಿದವರು ಯಾರೂ ಇರಲಿಲ್ಲ. ಲಾರಿಯ ಓಟ ನಿಧಾನವಾಗುತ್ತಿದ್ದಂತೆ ಕ್ಲೀನರು ಕೆಳಗೆ ಹಾರಿ, ರಸ್ತೆಬದಿಯಿಂದ ದೊಡ್ಡ ಕಲ್ಲು ಹೊತ್ತು ತಂದು ಹಿಂದಿನ ಚಕ್ರಗಳ ಅಡಿಗೆ ಕೊಡಬೇಕು. ಮೆತ್ತಗಿನ ಕೆಂಪು ಮುರಕಲ್ಲು ಆಗುವುದಿಲ್ಲ, ಪುಡಿಯಾಗುತ್ತದೆ. ಕರಿಗಲ್ಲೇ ಬೇಕು. ಕಾರ್ಕಳದ ಕಡೆ ಕರಿಗಲ್ಲಿಗೆ ಏನು ಬರವೇ? ನೀರು ಹಾಕಿಯಾದ ಮೇಲೆ ಲಾರಿ ಗುರ್ರೆಂದು ಮುಂದೆ ಹೋಗುತ್ತದೆ. ಕಲ್ಲು ಅಲ್ಲಿಯೇ ಉಳಿಯುತ್ತದೆ. ಕ್ಲೀನರು ಕಲ್ಲು ಸರಿಸುತ್ತಾ ನಿಂತರೆ ಲಾರಿ ಅವನನ್ನು ಬಿಟ್ಟು ಹೋಗುತ್ತದೆ. ಅವನನ್ನು ಕಾದು ಲಾರಿ ನಿಂತರೆ ಮತ್ತೆ ಚಕ್ರಕ್ಕೆ ಕಲ್ಲು ಕೊಡಬೇಕು. ಹಾಗಾಗಿ ಕಲ್ಲು ಇಡುವುದು ಮಾತ್ರ ಕ್ಲೀನರಿನ ಕೆಲಸ, ತೆಗೆಯುವುದು ಯಾರ ಕೆಲಸವೂ ಅಲ್ಲ ಎಂದು ರೂಢಿಯಾಗಿಬಿಟ್ಟಿತ್ತು.

ಕೆಂಪು ಮಣ್ಣಿನ ರಸ್ತೆ ಇರುವಾಗ ಇದರಿಂದ ಅಂತಹ ತೊಂದರೆ ಆಗಲಿಲ್ಲ. ಕೆಂಪಿನ ಮೇಲೆ ಕಪ್ಪು ಕಲ್ಲು ದೂರಕ್ಕೇ ಕಾಣುತ್ತಿತ್ತು. ಆಮೇಲೆ ಡಾಮರು ಬಂತು. ಊರವರೆಲ್ಲ ಸಂಭ್ರಮಪಟ್ಟರು, ನಾವೂ ಪಟ್ಟೆವು. ನಾನು ಮತ್ತು ಅಕ್ಕ ಬರಿಗಾಲಿನಲ್ಲಿ ಅದರ ಮೇಲೆ ನಡೆದು ಪಾದ ಸುಟ್ಟುಕೊಂಡು ಬಂದೆವು. ಕಪ್ಪು ಡಾಮರಿನ ಮೇಲೆ ಕಪ್ಪು ಕಲ್ಲು ಸಂಜೆಯಾದರೆ ಕಾಣುವುದಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಅದು ಹೊಳೆದದ್ದು ಆ ಬಟ್ಟೆಯ ಹುಡುಗ ಬಿದ್ದ ದಿನ. ಉದ್ಯಾವರದವನು. ಸೈಕಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಊರೂರು ತಿರುಗಿ ಮಾರುತ್ತಿದ್ದ. ಮೀಸೆ ಆಗಷ್ಟೇ ಕಪ್ಪಾಗುತ್ತಿತ್ತು. ನಮ್ಮಲ್ಲಿ ಚಾ ಕುಡಿಯುವಾಗಲೆಲ್ಲ ಗಂಟು ಬಿಚ್ಚಿ ರವಿಕೆ ಕಣ ತೋರಿಸಿ, ನಾವು ಕೊಳ್ಳುವುದಿಲ್ಲ ಎಂದು ಗೊತ್ತಿದ್ದರೂ ಪೂರ್ತಿ ತೋರಿಸಿಯೇ ಮತ್ತೆ ಕಟ್ಟುತ್ತಿದ್ದ. ಅವತ್ತು ಸಂಜೆ ಕಾರ್ಕಳದ ಕಡೆಯಿಂದ ಇಳಿಯುತ್ತಾ ಬಂದ. ಬದಿಯ ಡಾಮರು ಒಡೆದಿತ್ತೆಂದು ನಡುವಿನಲ್ಲಿ ಬರುತ್ತಿದ್ದ. ನಮ್ಮನ್ನು ಕಂಡು ಒಂದು ಕೈ ಎತ್ತಿದ. ಮತ್ತೆ ನಾನು ನೋಡುವಾಗ ಸೈಕಲು ಒಂದು ಕಡೆ, ಅವನು ಒಂದು ಕಡೆ, ರಸ್ತೆ ತುಂಬಾ ಬಣ್ಣಬಣ್ಣದ ಬಟ್ಟೆ. ಅಪ್ಪ ಓಡಿ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವನು ನೀರು ಕೇಳಿದ. ನಾನು ತರುವಷ್ಟರಲ್ಲಿ ಅವನಿಗೆ ನೀರು ಬೇಡವಾಗಿತ್ತು.

ಉದ್ಯಾವರಕ್ಕೆ ಸುದ್ದಿ ಹೇಳಲು ಅಪ್ಪನೇ ಹೋದರು. ಹುಡುಗನ ತಾಯಿ ಅಳಲಿಲ್ಲವಂತೆ. "ಯಾವ ಲಾರಿ?" ಎಂದು ಕೇಳಿದಳಂತೆ. ಲಾರಿ ಅಲ್ಲ ತಾಯಿ, ಕಲ್ಲು ಎಂದರಂತೆ ಅಪ್ಪ. "ಕಲ್ಲು ಇಟ್ಟದ್ದು ಯಾರು?" ಎಂದಳಂತೆ. ಆ ಮಧ್ಯಾಹ್ನ ಅಲ್ಲಿ ನಿಂತ ಲಾರಿಗೆ ಬಾವಿಯಿಂದ ನೀರು ಕೊಟ್ಟದ್ದು ನಾವು, ಅದರ ಡ್ರೈವರಿಗೆ ಚಾ ಮಾರಿದ್ದು ನಾವು. ಮನೆಗೆ ಬಂದು ಅಪ್ಪ ಊಟ ಮಾಡಲಿಲ್ಲ. "ಇನ್ನು ಈ ಚಡಾವಿನಲ್ಲಿ ಕಲ್ಲು ತಾಗಿ ಯಾರೂ ಬೀಳಬಾರದು" ಎಂದರು. ಅದೊಂದೇ ಮಾತು. ಆಮೇಲಿನ ಅವರ ಬದುಕೆಲ್ಲ ಆ ಮಾತಿನ ಹಿಂದೆ ಓಡಿತು.

ಮೊದಲು ಬಾಯಿಯಲ್ಲಿ ಹೇಳಿ ನೋಡಿದರು. ಡ್ರೈವರುಗಳು ಒಳ್ಳೆಯವರೇ, ಎಲ್ಲರೂ ಹೌದು ಹೌದು ಎಂದರು. "ಖಂಡಿತ ಸಂಜೀವಣ್ಣ, ನಿಮ್ಮ ಮಾತು ಮೀರುದುಂಟಾ?" ಎಂದು ಹೇಳಿ ಚಾ ಕುಡಿದು, ಕಲ್ಲು ಬಿಟ್ಟು ಹೋದರು. ಮತ್ತೆ ಅಪ್ಪ ಒಂದು ತಗಡಿನ ಮೇಲೆ "ದಯಮಾಡಿ ಕಲ್ಲು ತೆಗೆದು ಹೋಗಿರಿ" ಎಂದು ಬಣ್ಣದಲ್ಲಿ ಬರೆಸಿ ಮರಕ್ಕೆ ಕಟ್ಟಿದರು. ಸ್ವಲ್ಪ ಸಮಯ ಇತ್ತು. ಮಳೆಗಾಲದಲ್ಲಿ ಯಾವನೋ ಟಯರು ಬದಲಿಸುವಾಗ ನೆಲ ಮೆತ್ತಗಾಗಿದೆಯೆಂದು ಆ ತಗಡನ್ನು ಮಡಚಿ ಜಾಕಿನ ಅಡಿಗೆ ಕೊಟ್ಟು ಹೋದ.

ಅಪ್ಪ ಸೋಲುವವರೇ? ಮರದ ಮಿಲ್ಲಿಗೆ ಹೋಗಿ ತುಂಡುಗಳನ್ನು ತಂದು, ಚಕ್ರಕ್ಕೆ ಕೊಡಲು ಆಗುವ ಹಾಗೆ ಒಂದು ಬದಿ ಕೆತ್ತಿ, ತೂತು ಕೊರೆದು ಹಗ್ಗ ಪೋಣಿಸಿದರು. ಹಗ್ಗವನ್ನು ಲಾರಿಯ ಹಿಂದೆ ಕಟ್ಟಿದರೆ, ಲಾರಿ ಹೊರಟಾಗ ಮರದ ತುಂಡೂ ಎಳೆದುಕೊಂಡು ಹೋಗುತ್ತದೆ. ಇಳಿಯುವುದು ಬೇಡ, ಹೆಕ್ಕುವುದು ಬೇಡ. ಎಂತಹ ಚಂದದ ಉಪಾಯ! ಪುಕ್ಕಟೆ ಹಂಚಿದರು. ನಮ್ಮ ಅಂಗಳ ತುಂಬಾ ಮರದ ಹುಡಿ. ಅಪ್ಪ ಎಷ್ಟೋ ಸಮಯದ ಮೇಲೆ ನಕ್ಕದ್ದು ಆಗಲೇ.

ಸ್ವಲ್ಪ ದಿನ ಕಳೆದು ಅದ್ರಾಮಾಕ ಬಂದಾಗ ಅಪ್ಪ ಲಾರಿಯ ಹಿಂದೆ ಹೋಗಿ ನೋಡಿದರು. ಹಗ್ಗ ಇತ್ತು, ಮರ ಇರಲಿಲ್ಲ.

"ಅದ್ರಾಮ, ಮರ ಎಲ್ಲಿ?"

ಅದ್ರಾಮಾಕ ತಲೆ ಕೆರೆದುಕೊಂಡರು. "ಎಂತ ಹೇಳುದು ಸಂಜೀವಣ್ಣ. ಘಾಟಿಯಲ್ಲಿ ರಾತ್ರಿ ನಿಲ್ಲಬೇಕಾಯ್ತು. ಅನ್ನ ಬೇಯಿಸ್ಲಿಕ್ಕೆ ಸೌದೆ ಎಲ್ಲ ಮಳೆಗೆ ಚಂಡಿ. ನಿಮ್ಮ ಮರ ಒಳ್ಳೆ ಒಣಗಿತ್ತು ಮಾರಾಯ್ರೆ, ಭಾರೀ ಲಾಯ್ಕ ಉರೀತದೆ!"

ಹೊಗಳಿದ್ದೇ ಅವರು! ಎಲ್ಲ ಲಾರಿಗಳ ಮರವೂ ಹಾಗೆಯೇ ಅನ್ನವಾಗಿ ಹೋಯಿತು. ಅಮ್ಮ ಒಲೆಯ ಮುಂದೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪ ಹೊರಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಕುಳಿತರು. ನಾನೂ ನಗುತ್ತಿದ್ದೆ, ಅವರ ಬೆನ್ನು ನೋಡಿ ನಿಲ್ಲಿಸಿದೆ.

ಆಗ ಎಲ್ಲ ಕಡೆ ಶ್ರಮದಾನದ ಗಾಳಿ. ಹತ್ತಿರದ ಒಂದು ಶಾಲೆಯಲ್ಲಿ ಜೋಕಿಂ ಮಾಸ್ಟ್ರು ಎಂದು ಒಬ್ಬರಿದ್ದರು. ಕೊಂಕಣಿ ಕ್ರಿಶ್ಚಿಯನ್ನರು, ಬಿಳಿ ಪ್ಯಾಂಟು, ಪುಸ್ತಕದಲ್ಲಿ ಅಚ್ಚಾದ ಹಾಗೆ ಕನ್ನಡ ಮಾತಾಡುವವರು. ಯಾರೋ ದೊಡ್ಡವರು ಕಾರ್ಕಳಕ್ಕೆ ಬರುತ್ತಾರೆಂದು ಸುದ್ದಿಯಾದಾಗ ಅವರು ಅಪ್ಪನ ಬಳಿ ಬಂದು, "ಸಂಜೀವಣ್ಣ, ನಾವು ಈ ಏರುದಾರಿಯನ್ನು ಪೂರ್ತಿಯಾಗಿ ಶುಚಿಗೊಳಿಸುವವರಿದ್ದೇವೆ. ಒಂದು ಕಲ್ಲು ಸಹ ಉಳಿಯುವುದಿಲ್ಲ" ಎಂದರು. ಅಪ್ಪನಿಗೆ ಕಣ್ಣಲ್ಲಿ ನೀರು ಬಂತು. ಈ ಕಲ್ಲಿನ ವಿಷಯ ತಾವಾಗಿಯೇ ಮಾತಾಡಿದ ಮೊದಲ ಮನುಷ್ಯ ಅವರು. ಅಪ್ಪ ಎಲ್ಲರಿಗೂ ಅವಲಕ್ಕಿ, ಮಜ್ಜಿಗೆ ತಯಾರು ಮಾಡಿಸಿದರು.

ಭಾನುವಾರ ಮಕ್ಕಳು, ಊರಿನ ಯುವಕರು, ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ನೇರವಾಗಿ ಬಂದ ಕೆಲವರು, ಎಲ್ಲ ಸೇರಿ ಚಡಾವನ್ನು ಬುಡದಿಂದ ತುದಿಯವರೆಗೆ ಗುಡಿಸಿದರು. ಎಷ್ಟು ಕಸ ಅಂತೀರಿ! ಹರಿದ ಟಯರು, ಎಣ್ಣೆ ಒರೆಸಿದ ಚಿಂದಿ, ಬೀಡಿ ತುಂಡು, ಎಳನೀರಿನ ಬುರುಡೆ, ಬಾಳೆಲೆ, ಒಡೆದ ಗ್ಲಾಸು. ಬಾಳೆಲೆ ಮತ್ತು ಗ್ಲಾಸು ಯಾವ ಹೋಟೆಲಿನದೆಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕಲ್ಲುಗಳನ್ನೆಲ್ಲ ಹೆಕ್ಕಿ ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಗೋಪುರದ ಹಾಗೆ ಚಂದವಾಗಿ ಪೇರಿಸಿ, ಸುಣ್ಣ ಬಳಿದರು. ಸಂಜೆ ನೋಡಿದರೆ ಚಡಾವಿಗೆ ಮದುವೆಯ ಕಳೆ. ದೊಡ್ಡವರು ಕಾರಿನಲ್ಲಿ ಆ ದಾರಿಯಾಗಿ ಹೋದರು, ಕಾರು ನಿಲ್ಲಲಿಲ್ಲ, ಆದರೆ ಕೈ ಬೀಸಿದರೆಂದು ಮಾಸ್ಟ್ರು ಹೇಳಿದರು.

ಮರುದಿನದಿಂದ ಕ್ಲೀನರುಗಳಿಗೆ ಹಬ್ಬ. ಮೊದಲಾದರೆ ಅವರು ಪೊದೆಯೊಳಗೆ ಹೋಗಿ, ಹಾವೋ ಚೇಳೋ ಎಂದು ಹೆದರಿ, ಕಲ್ಲು ಹುಡುಕಬೇಕಿತ್ತು. ಕೆಲವರು ಉದಾಸೀನದಿಂದ ಒಂದೇ ಕಲ್ಲು ಕೊಡುತ್ತಿದ್ದರು. ಈಗ ಕೈಗೆ ಸಿಗುವ ಹಾಗೆ, ಆರಿಸಿದ ಕರಿಗಲ್ಲು, ರಾಶಿ ರಾಶಿ! ಒಬ್ಬೊಬ್ಬರು ನಾಲ್ಕೂ ಚಕ್ರಗಳಿಗೆ ಕೊಟ್ಟರು. ವಾರ ಕಳೆಯುವುದರೊಳಗೆ ಗೋಪುರಗಳೆಲ್ಲ ಕರಗಿ, ಚಡಾವಿನ ಉದ್ದಕ್ಕೂ ರಸ್ತೆಯ ಮೇಲೆ ಸುಣ್ಣದ ಕಲ್ಲುಗಳು ಹರಡಿದವು. ಜೋಕಿಂ ಮಾಸ್ಟ್ರು ಸೈಕಲಿನಲ್ಲಿ ಬಂದವರು ಇಳಿದು, ಒಂದು ಕಲ್ಲನ್ನು ಕಾಲಿನಿಂದ ಹೊರಳಿಸಿ ನೋಡಿದರು. "ಬಿಳಿ ಬಣ್ಣ ಇರುವುದರಿಂದ ರಾತ್ರಿ ಕಾಣಿಸುತ್ತದೆ, ಅಷ್ಟಾದರೂ ಪ್ರಯೋಜನವಾಯಿತು" ಎಂದರು. ಜೂನ್ ತಿಂಗಳ ಮಳೆಗೆ ಸುಣ್ಣವೂ ತೊಳೆದುಹೋಯಿತು.

ಆ ಮಳೆಗಾಲದಲ್ಲಿ ಅಪ್ಪನಿಗೆ ತಲೆ ಕೆಟ್ಟಿತೆಂದೇ ನಾವು ತಿಳಿದೆವು. ಒಂದು ದಿನ ಬಾವಿಯ ಹಗ್ಗವನ್ನೂ ರಾಟೆಯನ್ನೂ ಬಿಚ್ಚಿ ಒಳಗಿಟ್ಟರು. ನೀರು ಇಲ್ಲದಿದ್ದರೆ ಲಾರಿ ನಿಲ್ಲುವುದಿಲ್ಲ, ಲಾರಿ ನಿಲ್ಲದಿದ್ದರೆ ಕಲ್ಲು ಇಲ್ಲ ಎಂದು ಅವರ ವಾದ.

"ಲಾರಿ ನಿಲ್ಲುದು ನಿಮ್ಮ ಬಾವಿ ನೋಡಿಯಾ?" ಎಂದಳು ಅಮ್ಮ. "ಅದು ಕುದಿದ್ರೆ ನಿಲ್ತದೆ. ನೀವು ಹಗ್ಗ ಅಲ್ಲ, ಬಾವಿಯನ್ನೇ ಒಳಗೆ ತಂದಿಟ್ರೂ ನಿಲ್ತದೆ. ಮಕ್ಕಳು ಎಂತ ತಿನ್ನುದು ಹೇಳಿ ಈಗ?"

ಅಮ್ಮ ಹೇಳಿದ ಹಾಗೆಯೇ ಆಯಿತು. ಲಾರಿಗಳು ನಿಂತವು, ಮೊದಲಿಗಿಂತ ಹೆಚ್ಚು ಹೊತ್ತು ನಿಂತವು. ಕ್ಲೀನರುಗಳು ತೋಡಿನಿಂದ ಡಬ್ಬದಲ್ಲಿ ನೀರು ಹೊತ್ತು ತರುವಷ್ಟರಲ್ಲಿ ಹಿಂದೆ ಇನ್ನೊಂದು ಲಾರಿ ಬಂದು ನಿಲ್ಲುತ್ತಿತ್ತು. ಕಲ್ಲೂ ಹೆಚ್ಚಾಯಿತು. ಅಪ್ಪ ರಾಟೆಯನ್ನು ಮತ್ತೆ ಕಟ್ಟಿದರು.

ಕೊನೆಗೆ ಉಳಿದದ್ದು ಒಂದು ಬುಟ್ಟಿ ಮತ್ತು ಅವರ ಸೊಂಟ. ಲಾರಿ ಹೊರಟ ಕೂಡಲೇ ಅದರ ಹೊಗೆಯೊಳಗೆ ಅಪ್ಪ ಓಡುವರು, ಕಲ್ಲು ಎತ್ತಿ ಬದಿಗೆ ಹಾಕುವರು. ಹೋಟೆಲಿನಿಂದ ದೂರ ನಿಂತ ಲಾರಿಗಳದನ್ನು ಸಂಜೆ ಬೆಳಕು ಇರುವಾಗಲೇ ಬುಟ್ಟಿ ಹಿಡಿದು ಹೋಗಿ ಹೆಕ್ಕಿ ಬರುವರು. ಹಾಕಿದ ಕಲ್ಲನ್ನೇ ಮರುದಿನ ಇನ್ನೊಬ್ಬ ಕ್ಲೀನರು ತೆಗೆದುಕೊಳ್ಳುತ್ತಿದ್ದ. ಕೆಲವು ಕಲ್ಲುಗಳ ಪರಿಚಯವೇ ನಮಗಾಗಿತ್ತು. ಜ್ವರ ಇದ್ದರೂ ಹೋಗುತ್ತಿದ್ದರು. ಇವತ್ತು ನಾನು ಹೋಗದಿದ್ದರೆ ಇವತ್ತೇ ಯಾರಾದರೂ ಬೀಳುತ್ತಾರೆ ಎಂಬ ಭಯ ಅವರನ್ನು ಹಿಡಿದಿತ್ತು. ಬಾಣಲೆಯಲ್ಲಿ ಬಜೆ ಕರಕಲಾಗಲಿ, ಗಿರಾಕಿ ಎದ್ದು ಹೋಗಲಿ, ಲೆಕ್ಕವಿಲ್ಲ. ಎಷ್ಟೋ ವರ್ಷ ಹೀಗೆಯೇ ನಡೆಯಿತು. ಚಡಾವಿನಲ್ಲಿ ಮತ್ತೆ ಯಾರೂ ಸಾಯಲಿಲ್ಲ, ನಿಜ. ಆದರೆ ಯಾರೂ ಸಾಯದೆ ಇದ್ದದ್ದು ಯಾರಿಗೆ ಕಾಣುತ್ತದೆ? ಊರವರಿಗೆ ಕಂಡದ್ದು ಕಲ್ಲು ಹೆಕ್ಕುವ ಒಬ್ಬ ಮರುಳ ಮಾತ್ರ.

ಹೀಗಿದ್ದ ಮನುಷ್ಯ ಒಂದು ದಿನ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದರು. ಮತ್ತೆ ಸಾಯುವವರೆಗೂ ಒಂದು ಕಲ್ಲು ಮುಟ್ಟಲಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ಅಮ್ಮ "ಅವರಿಗೆ ಸೊಂಟನೋವು" ಎಂದು ಉತ್ತರ ಕೊಡುತ್ತಿದ್ದಳು. ಸೊಂಟನೋವು ಇದ್ದದ್ದು ಹೌದು. ಆದರೆ ಕಾರಣ ಅದಲ್ಲ.

ಅರವತ್ತರ ದಶಕದ ಆರಂಭ ಇರಬೇಕು. ಅಕ್ಕನಿಗೆ ಮದುವೆಯಾಗಿ, ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಳು. ಬೆಳಿಗ್ಗೆಯೇ ನೋವು ಶುರುವಾಯಿತು. ಮಧ್ಯಾಹ್ನ ಕಳೆದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ ಹೊರಗೆ ಬಂದು ಕೈ ಒರೆಸುತ್ತಾ, "ಮಗು ಅಡ್ಡ ಉಂಟು, ನನ್ನಿಂದ ಆಗುದಿಲ್ಲ. ಮಣಿಪಾಲಕ್ಕೆ ಕೊಂಡುಹೋಗಿ. ತಡ ಮಾಡ್ಬೇಡಿ" ಎಂದಳು. ಬಾಡಿಗೆ ಕಾರು ಎಲ್ಲಿಂದ ಬರಬೇಕು? ದೇವರು ಕಳಿಸಿದ ಹಾಗೆ ಅದ್ರಾಮಾಕನ ಲಾರಿ ಬಂತು. ಘಾಟಿಯ ಮೇಲಿನಿಂದ ಅಕ್ಕಿ ಹೇರಿಕೊಂಡು ಕೆಳಗೆ ಇಳಿಯುತ್ತಿದ್ದರು. ಕ್ಲೀನರಿಗೆ ಜ್ವರವೆಂದು ಒಬ್ಬರೇ ಇದ್ದರು. ಅಕ್ಕನನ್ನು ನೋಡಿ ಚಾ ಕೂಡ ಕೇಳಲಿಲ್ಲ. ಲಾರಿಯನ್ನು ಬಂದ ದಾರಿಗೇ ತಿರುಗಿಸಿದರು. ಅಕ್ಕಿಮೂಟೆಗಳ ಮೇಲೆ ಚಾಪೆ ಹಾಸಿ ಅಕ್ಕನನ್ನು ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲೆ, ಕೈ ಅಪ್ಪನ ಕೈಯಲ್ಲಿ. ಅಮ್ಮ ದೇವರ ಮುಂದೆ ದೀಪ ಹಚ್ಚಿ ಮನೆಯಲ್ಲಿಯೇ ಉಳಿದಳು. ಅವಳಿಗೆ ನೋಡುವ ಧೈರ್ಯ ಇರಲಿಲ್ಲ.

ಕಾರ್ಕಳ ದಾಟಿ, ಹಿರಿಯಡ್ಕ ದಾಟಿ, ಪರ್ಕಳಕ್ಕೆ ಬರುವಾಗ ಸೂರ್ಯ ಇಳಿದಿದ್ದ. ಅಲ್ಲಿಂದ ಮಣಿಪಾಲಕ್ಕೆ ದೊಡ್ಡ ಏರು. ಅರ್ಧ ಏರಿದ್ದೆವು. ಬುಸ್ ಎಂದಿತು. ಆ ಸದ್ದು ನನಗೂ ಅಪ್ಪನಿಗೂ ಹೊಸತೇ?

"ಸ್ವಲ್ಪ ಹಿಡಿದುಕೋ" ಎಂದು ಅಕ್ಕನ ಕೈಯನ್ನು ನನಗೆ ಕೊಟ್ಟು ಅಪ್ಪ ಕೆಳಗೆ ಹಾರಿದರು. ಲಾರಿ ಮೆಲ್ಲನೆ ಹಿಂದಕ್ಕೆ ಸರಿಯುತ್ತಿತ್ತು. "ಸಂಜೀವಣ್ಣ, ಕಲ್ಲು! ಬೇಗ ಕಲ್ಲು ಕೊಡಿ!" ಎಂದು ಅದ್ರಾಮಾಕ ಕೂಗಿದರು. ಅಪ್ಪ ರಸ್ತೆಬದಿಗೆ ಓಡಿ ಒಂದು ಕರಿಗಲ್ಲು ತಂದು ಚಕ್ರಕ್ಕೆ ಕೊಟ್ಟರು, ಇನ್ನೊಂದು ತಂದು ಆಚೆ ಕೊಟ್ಟರು. ಒಳ್ಳೆಯ ಕಲ್ಲುಗಳೇ. ಲಾರಿ ಕದಲದೆ ನಿಂತಿತು. ಕೆಳಗಿನ ಯಾವುದೋ ಮನೆಯಿಂದ ಕೊಡದಲ್ಲಿ ನೀರು ತಂದು ಇಬ್ಬರೂ ಸೇರಿ ಹೊಯ್ದರು. ಅಕ್ಕ ಹಲ್ಲು ಕಚ್ಚಿಕೊಂಡು ನರಳುತ್ತಿದ್ದಳು. ಅಷ್ಟರಲ್ಲಿ ಮಬ್ಬು ಕವಿಯಿತು.

"ಹತ್ತಿ ಸಂಜೀವಣ್ಣ" ಎಂದರು ಅದ್ರಾಮಾಕ, ಇಂಜಿನು ಶುರು ಮಾಡಿ.

"ನೀನು ಹೋಗು ಅದ್ರಾಮ. ನಾನು ಕಲ್ಲು ತೆಗ್ದು ನಡ್ಕೊಂಡು ಬರ್ತೇನೆ. ನೀನು ನಿಲ್ಲಿಸ್ಬೇಡ."

ಅಕ್ಕ ತಲೆ ಎತ್ತಿದಳು. ಅವಳ ಮುಖ ಹಾಗೆ ಆದದ್ದನ್ನು ನಾನು ಮೊದಲು ನೋಡಿರಲಿಲ್ಲ. "ಅಪ್ಪಾ, ನನ್ನನ್ನು ಬಿಟ್ಟು ಹೋಗ್ಬೇಡಿ. ನಾನು ಸಾಯ್ತೇನೆ ಅಪ್ಪಾ" ಎಂದು ಕೂಗಿ ಎರಡೂ ಕೈ ಚಾಚಿದಳು.

ಅಪ್ಪ ಅವಳನ್ನು ನೋಡಿದರು. ಚಕ್ರದ ಕಡೆಗೆ ನೋಡಿದರು. ಲಾರಿ ಗುರ್ರೆಂದು ಮುಂದೆ ಹೋಯಿತು. ಅಪ್ಪ ಓಡಿಬಂದು ಹಿಂದಿನ ಹಲಗೆ ಹಿಡಿದು ಮೇಲೆ ಹತ್ತಿದರು.

ಅಕ್ಕನ ಕೈ ಹಿಡಿದುಕೊಂಡೇ ಅವರು ಹಿಂದೆ ತಿರುಗಿ ರಸ್ತೆಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಕಲ್ಲು ಸ್ವಲ್ಪ ಹೊತ್ತು ಕಂಡಿತು, ಮತ್ತೆ ಡಾಮರಿನಲ್ಲಿ ಸೇರಿಹೋಯಿತು. ಮೇಲಿನಿಂದ ಒಂದು ಸೈಕಲು ಗಂಟೆ ಬಾರಿಸುತ್ತಾ ನಮ್ಮನ್ನು ದಾಟಿ ಇಳಿದು ಹೋಯಿತು. ಅಪ್ಪ ಬಾಯಿ ತೆರೆದರು. ಕೂಗಿದರೋ ಇಲ್ಲವೋ, ಇಂಜಿನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಅಕ್ಕ ಉಳಿದಳು. ಮಗುವೂ ಉಳಿಯಿತು, ಹೆಣ್ಣು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಅಪ್ಪನ ಭುಜ ತಟ್ಟಿದರು. ಅದ್ರಾಮಾಕ ಅತ್ತುಬಿಟ್ಟರು, ನಾನೂ ಅತ್ತೆ. ಅಪ್ಪ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಕೈ ಕೊಳೆಯಾಗಿದೆ ಎಂದರು. ಎರಡು ಸಲ ತೊಳೆದುಕೊಂಡು ಬಂದ ಮೇಲೂ ಹಾಗೆಯೇ ಎಂದರು.

ಬೆಳಕು ಹರಿಯುತ್ತಿದ್ದಂತೆ "ಬಾ ಸುಗುಣಾ" ಎಂದು ನನ್ನನ್ನು ಕರೆದುಕೊಂಡು ಏರು ಇಳಿಯತೊಡಗಿದರು. ನಡೆದದ್ದಲ್ಲ, ಓಡಿದ್ದು. ನಾವು ನೀರು ಹೊಯ್ದ ಜಾಗದಲ್ಲಿ ಡಾಮರಿನ ಮೇಲೆ ನೀರಿನ ಕಲೆ ಇನ್ನೂ ಇತ್ತು. ಕಲ್ಲುಗಳು ಇರಲಿಲ್ಲ. ಒಂದು ರಸ್ತೆಯ ಆಚೆ ಚರಂಡಿಯ ಹತ್ತಿರ ಬಿದ್ದಿತ್ತು, ಇನ್ನೊಂದು ಕಾಣಲಿಲ್ಲ. ಯಾರೋ ಎತ್ತಿ ಹಾಕಿದ್ದೋ, ಏನಾದರೂ ಬಡಿದು ಹಾರಿದ್ದೋ ಹೇಳುವುದು ಹೇಗೆ? ಅಪ್ಪ ಬಗ್ಗಿ ರಸ್ತೆಯಲ್ಲಿ ರಕ್ತದ ಕಲೆ ಹುಡುಕಿದರು. ನಾನು ಹುಡುಕಲಿಲ್ಲ, ಸಿಕ್ಕಿದರೆ ಎಂಬ ಹೆದರಿಕೆ ನನಗೆ.

ಸ್ವಲ್ಪ ಕೆಳಗೆ ಒಂದು ಚಾದಂಗಡಿ. ಅಂಗಡಿಯವನು ಹಲಗೆ ತೆಗೆಯುತ್ತಿದ್ದ. ಅಪ್ಪ ಅವನ ಮುಂದೆ ಹೋಗಿ ನಿಂತರು.

"ನಿನ್ನೆ ಸಂಜೆ ಇಲ್ಲಿ ಯಾರಾದ್ರೂ ಬಿದ್ದದ್ದುಂಟಾ? ಸೈಕಲಿನವರು?"

ಅವನು ಹಲಗೆಯನ್ನು ಗೋಡೆಗೆ ಒರಗಿಸಿ ಅಪ್ಪನನ್ನು ನೋಡಿದ. "ಈ ಏರಿನಲ್ಲಿ ದಿನಾ ಯಾರಾದ್ರೂ ಬೀಳ್ತಾರೆ ಮಾರಾಯ್ರೆ. ಲಾರಿಯವರು ಕಲ್ಲು ಬಿಟ್ಟು ಹೋಗ್ತಾರಲ್ಲ, ಮನುಷ್ಯರಾ ಅವರು? ನಿನ್ನೆಯೂ ಒಬ್ಬ ಬಿದ್ದ. ಜನ ಸೇರಿದ್ರು. ಎದ್ದು ಹೋದ್ನೋ, ಎತ್ಕೊಂಡು ಹೋದ್ರೋ ನಾನು ಕಾಣ್ಲಿಲ್ಲ. ನಾನು ಚಾ ಸೋಸ್ತಾ ಇದ್ದೆ. ಯಾಕೆ, ನಿಮ್ಮವನಾ?"

ಅಪ್ಪ ಅಂಗಡಿಯ ಬೆಂಚಿನ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತು, ಮೆಲ್ಲನೆ ಹೇಳಿದೆ:

"ಅಪ್ಪಾ, ಎತ್ಕೊಂಡು ಹೋಗಿದ್ರೆ ಇದೇ ಆಸ್ಪತ್ರೆಗೇ ಕೊಂಡುಹೋಗಿರ್ತಾರೆ. ಅಕ್ಕ ಇರುವಲ್ಲಿಗೇ. ಹೋಗಿ ಕೇಳುವ."

ಅಪ್ಪ ತಮ್ಮ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು.

"ಬೇಡ ಮಗಾ" ಎಂದರು. "ಕೇಳಿದ್ರೆ ಅವರು ಹೇಳ್ತಾರೆ."